ಗಂಧಿಗರ ಮನೆಯ ಖಾನಾವಳಿ

ಪಡಸಾಲೆಯ ಉತ್ತರದ ಗೋಡೆಯಲ್ಲಿ ಒಂದು ಪಟ ತೂಗುತ್ತದೆ. ಬಿಸಿಲಿಗೆ ಬಾಡಿ ಚಹಾದ ಬಣ್ಣಕ್ಕೆ ತಿರುಗಿದ ಛಾಯಾಚಿತ್ರ. ಅದರಲ್ಲಿ ಒಂದು ಮನೆ, ಮನೆಯ ಮುಂದೆ ಒಂದು ಕುಟುಂಬ. ನಡುವಿನ ಕುರ್ಚಿಯಲ್ಲಿ ರುಮಾಲು ಸುತ್ತಿದ ಮುದುಕ. ಅವನ ಎರಡು ಕೈಗಳೂ ಬೆತ್ತದ ಹಿಡಿಕೆಯ ಮೇಲೆ, ಒಂದು ಇನ್ನೊಂದನ್ನು ಸಂತೈಸುವಂತೆ, ಕೂತಿವೆ. ಅವನ ಎರಡು ಬದಿಗೆ ಗಂಡಸರು, ಹಿಂದೆ ಸೆರಗು ಹೊದ್ದ ಹೆಂಗಸರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ ಮಕ್ಕಳು. ಮಕ್ಕಳ ಮುಂದೆ ಅತ್ತರು ಇಳಿಸುವ ತಾಮ್ರದ ಭಟ್ಟಿ, ಅದೂ ಮನೆಯ ಒಬ್ಬ ಸದಸ್ಯನೆಂಬಂತೆ. ಒಬ್ಬ ಹೆಂಗಸು ಮಾತ್ರ ಕ್ಯಾಮೆರಾದತ್ತ ನೋಡದೆ ಚೌಕಟ್ಟಿನ ಆಚೆಗೆ ಕತ್ತು ಹೊರಳಿಸಿದ್ದಾಳೆ. ಆ ಕ್ಷಣದಲ್ಲಿ ಯಾರೋ ಕರೆದಿರಬೇಕು, ಅವಳ ಮುಖ ಅಲುಗಿ ಹೊಗೆಯಾಗಿದೆ. ತಲೆಗಳ ಮೇಲೆ ಕಿಟಕಿಗಳು, ಸಾಲಿನ ಮೇಲೆ ಸಾಲು. ಮನೆ ಇಡಿಯಾಗಿ ಪಟದೊಳಗೆ ಹಿಡಿಸಿಲ್ಲ. ಕಿಟಕಿಗಳನ್ನು ಎಣಿಸಲು ಹೊರಟವರು ಚೌಕಟ್ಟಿನ ಅಂಚಿಗೆ ಬಂದು ನಿಲ್ಲುತ್ತಾರೆ.

ಊಟಕ್ಕೆ ಬಂದ ಪರಸ್ಥಳದವರು ಕೈ ತೊಳೆದು ಈ ಪಟದ ಮುಂದೆ ನಿಂತು, ಇದೇ ಮನೆಯೇ ಅದು ಎಂದು ಕೇಳುತ್ತಾರೆ. ಹೌದೆಂದರೂ ತಪ್ಪಿಲ್ಲ, ಅಲ್ಲವೆಂದರೂ ತಪ್ಪಿಲ್ಲ.

ನಮ್ಮ ಊರಿನಲ್ಲಿ ಮನೆಗಳನ್ನು ಯಾರೂ ಕಟ್ಟುವುದಿಲ್ಲ. ಗವಂಡಿಗಳು ಬಾವಿ ಕಟ್ಟುತ್ತಾರೆ, ಅಂಗಡಿ ಕಟ್ಟುತ್ತಾರೆ, ಶಾಲೆಯ ಕಂಪೌಂಡು ಕಟ್ಟುತ್ತಾರೆ. ಮನೆ ತಾನೇ ಆಗುತ್ತದೆ. ಕೂಸು ಹುಟ್ಟಿದರೆ ಒಂದು ಕೋಣೆ ಬರುತ್ತದೆ. ಸೊಸೆ ಬಂದು ಆ ಮನೆಯ ಅನ್ನವನ್ನು ತನ್ನದೆಂದು ಉಣ್ಣತೊಡಗಿದ ಮೇಲೆ ಇನ್ನೊಂದು. ಯಾರಾದರೂ ತೀರಿಕೊಂಡರೆ, ಅಥವಾ ಬಿಟ್ಟುಹೋದರೆ, ಅವರ ಕೋಣೆಯೂ ಹೋಗುತ್ತದೆ. ಬರುವುದೂ ಹೋಗುವುದೂ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ, ಸದ್ದಿಲ್ಲದೆ. ಆದ್ದರಿಂದ ಹೆಣ್ಣುಮಕ್ಕಳ ಕೋಣೆಯ ಗೋಡೆಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಕರ ನಿಗದಿಪಡಿಸುವ ಗುಮಾಸ್ತ ಮನೆಯ ಅಂಕಿಯನ್ನು ಸೀಮೆಸುಣ್ಣದಲ್ಲಿಯೇ ಬರೆಯುತ್ತಾನೆ. ಹೊಸ ಸೊಸೆಯನ್ನು ನೆರೆಹೊರೆಯವರು ‘ಕೋಣೆ ಬಂತೇನವ್ವಾ?’ ಎಂದು ಕೇಳುತ್ತಾರೆ. ಬಾರದಿದ್ದರೆ ಅವಳು ಕೊಡವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿ ಬೇರೆ ಮಾತು ತೆಗೆಯುತ್ತಾಳೆ. ಹೋಗಲಿರುವ ಕೋಣೆಯ ಸಾಮಾನನ್ನು ಮುಂಚೆಯೇ ಹೊರಗೆ ಇಡಬೇಕು. ಮರೆತದ್ದು ಕೋಣೆಯ ಜೊತೆಗೇ ಹೋಗುತ್ತದೆ. ನನ್ನ ಸೋದರತ್ತೆ ಹೀಗೆ ಒಂದು ಹೊಲಿಗೆಯಂತ್ರವನ್ನು ಕಳೆದುಕೊಂಡು, ಗಂಡನಿಗಿಂತ ಅದನ್ನೇ ಹೆಚ್ಚು ಕಾಲ ನೆನೆದಳು. ಎಲ್ಲರೂ ಬಿಟ್ಟುಹೋದ ಮನೆಗಳಲ್ಲಿ ಕೊನೆಗೆ ಉಳಿಯುವುದು ಹೊರಬಾಗಿಲಿನ ಚೌಕಟ್ಟು. ಪಡುವಣದ ಓಣಿಯಲ್ಲಿ ಅಂಥ ಚೌಕಟ್ಟುಗಳು ಸಾಲಾಗಿ ನಿಂತಿವೆ. ಎಮ್ಮೆಗಳು ಸುತ್ತಿ ಹೋಗುವ ಬದಲು ಅವುಗಳ ಒಳಗಿನಿಂದಲೇ ಹಾದುಹೋಗುತ್ತವೆ.

ಗಂಧಿಗರ ಮನೆಯೂ ಆ ದಾರಿ ಹಿಡಿದಿತ್ತು. ಅವರು ಕೇದಗೆ, ಮಲ್ಲಿಗೆ, ಸುರಗಿಯ ಅತ್ತರು ಇಳಿಸುತ್ತಿದ್ದ ಕಾಲದಲ್ಲಿ ಆ ಓಣಿಯ ನಾಯಿಗಳಿಗೆ ಕೂಡ ಸುವಾಸನೆಯಿತ್ತೆಂದು ಹೇಳುತ್ತಿದ್ದರು. ಮುಂದೆ ಪೇಟೆಗೆ ಸಣ್ಣ ಸೀಸೆಗಳಲ್ಲಿ ಕಾರ್ಖಾನೆಯ ಸುಗಂಧ ಬಂತು. ಗಂಡಸರು ಒಬ್ಬೊಬ್ಬರಾಗಿ ಬೇರೆ ಕಸುಬು ಹುಡುಕಿ ಹೋದರು, ಹಿರಿಯರು ತಮ್ಮ ಸರದಿಯಲ್ಲಿ ತೀರಿಕೊಂಡರು, ಮನೆ ಕವಿತೆಯ ಕರಡಿನಂತೆ ಸಾಲು ಸಾಲಾಗಿ ಅಳಿಸಿಕೊಳ್ಳುತ್ತ ಬಂತು. ಕೊನೆಗೆ ಉಳಿದದ್ದು ಪಡಸಾಲೆ, ಅಡುಗೆಮನೆ, ಮತ್ತು ಸೋನಕ್ಕ.

ಸೋನಕ್ಕ ಆ ಮನೆಯ ಕೊನೆಯ ಮಗಳು. ಅಜ್ಜಿಯೊಂದಿಗೆ ಹಳೆಯ ಅಡುಗೆಮನೆ ಹೋಗಿದ್ದ ವರ್ಷ ಅವಳು ಹುಟ್ಟಿದಳು. ಅವಳ ಪಾಲಿಗೆ ಮನೆ ಕೊಟ್ಟದ್ದು ಹೊಸ ಅಡುಗೆಮನೆಯನ್ನು. ಮನೆಮಂದಿ ಹಿಗ್ಗಿದರು. ಆದರೆ ಅವಳಿಗೆ ವರ ನೋಡುವ ಮಾತು ಬಂದಾಗಲೆಲ್ಲ ಯಾರೋ ಒಬ್ಬರು ಒಲೆಯತ್ತ ನೋಡುತ್ತಿದ್ದರು. ಅವಳನ್ನು ಕೊಟ್ಟರೆ ಅಡುಗೆಮನೆಯನ್ನೂ ಕೊಟ್ಟಂತೆ. ಮುಂದಿನ ವರ್ಷ ನೋಡೋಣ ಎಂದು ಮುಂದೂಡುತ್ತ ಬಂದರು. ಮುಂದೂಡುತ್ತಿದ್ದವರೇ ಒಂದು ದಿನ ಮುಗಿದುಹೋದರು, ಮಾತು ಮಾತ್ರ ಅಲ್ಲಿಯೇ ನಿಂತಿತು.

ಫಕೀರಪ್ಪ ಬಂದದ್ದು ಆಮೇಲೆ. ಅವನು ಮದುವೆಗಳ ಅಡುಗೆಯವನು. ಊರಿಂದೂರಿಗೆ ಚಪ್ಪರದಿಂದ ಚಪ್ಪರಕ್ಕೆ ಅಲೆದು, ಅರವತ್ತರ ಹತ್ತಿರ ಬಂದಾಗ, ಹಂಡೆ ಬೋಗುಣಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಗಂಧಿಗರ ಬಾಗಿಲಲ್ಲಿ ನಿಂತ. ಆ ದಿನ ನಾನು ಎದುರಿನ ಮುದ್ರಣಾಲಯದ ಕಿಟಕಿಯಲ್ಲಿ ಕರಡಚ್ಚು ತಿದ್ದುತ್ತಿದ್ದೆ. ಅವರ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಅಕ್ಕಾರ, ಖಾನಾವಳಿ ಇಡಬೇಕಂತ ಮಾಡೀನಿ. ಜಾಗಾ ಕೊಡ್ತೀರೇನು?”

“ಜಾಗಾ ಎಲ್ಲೈತೋ ತಮ್ಮಾ? ಒಲಿ, ಪಡಸಾಲಿ, ನಾನು. ಇಷ್ಟ ಉಳದೈತಿ.”

“ಒಲಿ ಇದ್ರ ಸಾಕ್ರಿ. ಮಂದಿ ತಾವ ಬರ್ತಾರ.”

“ಬರ್ತಾರ, ಉಣ್ತಾರ, ಹೋಗ್ತಾರ. ಹೋಗೂ ಮಂದೀನ ನಾ ಭಾಳ ನೋಡೀನಿ.”

ಫಕೀರಪ್ಪ ಗಾಡಿಯ ಮೇಲಿನ ಹಂಡೆಗೆ ಕೈ ಊರಿದ. “ನಾ ಮಾಡಿದ್ದ ಉಂಡವರು ಮರುದಿನ ತಿರುಗಿ ಬರ್ತಾರ್ರಿ. ಅಷ್ಟ ನನ್ನ ಕೈಯಾಗ ಐತಿ.”

ಅವಳು ಬಾಗಿಲಿನಿಂದ ಸರಿದು ನಿಂತಳು. ಅದೇ ಒಪ್ಪಿಗೆ.

ಮೊದಲು ಉಣ್ಣಲು ಹೋದವನು ನಾನೇ. ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ನನ್ನ ವಾಸ. ಅದು ಕಟ್ಟಿದ ಕೋಣೆ, ಅಂಗಡಿಯ ಭಾಗ, ಯಾರಿಗಾಗಿಯೂ ಬಂದದ್ದಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಪುಡಿ, ಮೇಲೆ ಒಂದು ಬಟ್ಟಲು ಮಜ್ಜಿಗೆ. ಫಕೀರಪ್ಪ ಮಾಡುತ್ತಿದ್ದ, ಸೋನಕ್ಕ ಬಡಿಸುತ್ತಿದ್ದಳು. ಮರುದಿನ ಹೋದೆ, ಅದರ ಮರುದಿನವೂ. ಮಳೆಗಾಲ ಕಳೆದು ಚಳಿ ಬಿದ್ದ ಒಂದು ಮಧ್ಯಾಹ್ನ ಪಡಸಾಲೆಯ ಮೂಲೆಯಲ್ಲಿ ಒಂದು ಹೊಸ ಬಾಗಿಲು ಇತ್ತು. ತಳ್ಳಿದರೆ ಇಕ್ಕಟ್ಟಾದ ಕೋಣೆ. ಅಂಗೈಯಗಲದ ಕಿಟಕಿ, ನೆಲದಿಂದ ಸೂರಿನವರೆಗೆ ಪುಸ್ತಕದ ಗೂಡುಗಳು.

“ಇದು ಮಾಸ್ತರದ್ದ,” ಎಂದಳು ಸೋನಕ್ಕ. “ಓದಾಕ ಇಷ್ಟ ಜಾಗಾ, ಕುಂದ್ರಾಕ ಜಾಗಾನ ಇಲ್ಲ.”

ನಾನು ಮಾಸ್ತರನಲ್ಲ, ಕನ್ನಡಕ ಇದ್ದವರನ್ನೆಲ್ಲ ಊರು ಹಾಗೆ ಕರೆಯುತ್ತದೆ. ಊಟ ಮಾಡಿ ಹೋಗುವವರಿಗೂ ಮನೆಯೊಂದು ಕೋಣೆ ಕೊಟ್ಟದ್ದು ಅದೇ ಮೊದಲು. ಎರಡು ದಿನ ಊರು ಅದನ್ನು ಆಡಿಕೊಂಡಿತು, ಮೂರನೆಯ ದಿನದಿಂದ ಅದಕ್ಕೆ ಹೊಂದಿಕೊಂಡಿತು. ಆಮೇಲೆ ದರ್ಜಿ ತುಕಾರಾಮನಿಗೆ ಬಂತು. ಸಂಜೆಯವರೆಗೂ ಬೆಳಕು ನಿಲ್ಲುವ, ಆಳೆತ್ತರದ ಕನ್ನಡಿ ಹಿಡಿಯುವ ಕೋಣೆ. ಬಸ್ ಕಂಡಕ್ಟರ್ ಯಮನೂರಪ್ಪನ ಕೋಣೆಗೆ ಮುಂದೊಂದು ಹಿಂದೊಂದು ಬಾಗಿಲು. ಒಳಗೆ ಹೋದವರು ಯಾಕೋ ನಡುವಿನಲ್ಲಿ ನಿಲ್ಲದೆ ಮುಂದೆ ಮುಂದೆ ಸರಿಯುತ್ತಿದ್ದರು. ಹೀಗೆ ಅಕ್ಕಸಾಲಿಗರು, ಅಂಚೆಯವರು, ಬೀಡಿ ಕಟ್ಟುವ ಹೆಂಗಸರು, ತಪ್ಪದೆ ಬಂದು ಉಂಡವರ ಲೆಕ್ಕದಲ್ಲಿ ಮನೆ ಮತ್ತೆ ಎದ್ದಿತು. ಮಧ್ಯಾಹ್ನ ನಮ್ಮ ನಮ್ಮ ಕೋಣೆಗಳಲ್ಲಿ ಮೇಜು ಹಾಕಿ ಪರಸ್ಥಳದವರನ್ನು ಕೂರಿಸುತ್ತಿದ್ದರು. ಹೊಸ ಜೋಡಿಗಳು ದರ್ಜಿಯ ಕೋಣೆಯನ್ನೇ ಕೇಳುತ್ತಿದ್ದವು. ನನ್ನದನ್ನು ಒಬ್ಬರೇ ಬಂದವರಿಗೆ ಕೊಡುತ್ತಿದ್ದರು. ಪುರಸಭೆಯವರು ಬಾಗಿಲ ಮೇಲೆ ‘ಪುನರುದ್ಧಾರಗೊಂಡ ಪಾರಂಪರಿಕ ಮನೆ’ ಎಂಬ ಬೋರ್ಡು ಹಾಕಿ, ಅದರ ಕೆಳಗೆ ತಮ್ಮ ಹೆಸರು ಬರೆಸಿದರು. ಒಂದು ಇಟ್ಟಿಗೆಯನ್ನೂ ಯಾರೂ ಇಟ್ಟಿರಲಿಲ್ಲ.

ಈ ವರ್ಷ ಮಾಘದಲ್ಲಿ ಯಮನೂರಪ್ಪ ಊಟಕ್ಕೆ ಕೂತವನು ತುತ್ತು ಎತ್ತದೆ ಸೋನಕ್ಕನನ್ನು ಕರೆದ.

“ಅಕ್ಕಾ, ಹೊಳೀ ದಂಡ್ಯಾಗ ದಾವಲಬಿ ಬಸ್ ನಿಲ್ಲಿಸಿದ್ಲು. ನಿಮಗ ಹೇಳು ಅಂದಾಳ. ಆಕಿ ಮನ್ಯಾಗ ನಿಮ್ಮ ಕೋಣಿ ಬಂದೈತಂತ.”

ದಾವಲಬಿಯ ತಂದೆ ಹಿಂದೆ ದೋಣಿಯಲ್ಲಿ ಕೇದಗೆ ತಂದು ಗಂಧಿಗರಿಗೆ ಹಾಕುತ್ತಿದ್ದ. ಆ ಹೂಗಳನ್ನು ಬಿಡಿಸುತ್ತ ಕೂತ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ. ಒಬ್ಬಳು ಹೊಳೆಯಾಚೆಯ ಊರಿನಲ್ಲಿ ಮುದುಕಿಯಾದಳು, ಇನ್ನೊಬ್ಬಳು ಇಲ್ಲಿ. ಗಂಡ ತೀರಿದ ಮೇಲೆ ದಾವಲಬಿ ಒಂಟಿ. ಹೋದ ವರ್ಷ ಅವಳು ಹೇಳಿ ಕಳಿಸಿದ್ದಳಂತೆ: ದಿನಾ ನಿನ್ನ ಹೆಸರಿನಲ್ಲಿ ಒಂದು ತಾಟು ಹಾಕಿ ಕೂರುತ್ತೇನೆ, ಮನೆಗೆ ತಿಳಿಯುತ್ತದೋ ನೋಡೋಣ. ಮನೆಗೆ ತಿಳಿದಿತ್ತು.

“ಎಂಥಾ ಕೋಣಿ?” ಎಂದು ಕೇಳಿದಳು ಸೋನಕ್ಕ.

“ಒಲಿ ಇಲ್ಲಂತ್ರಿ. ಕಿಟಕಿ ಹೊಳೀ ಕಡೆ. ಕಿಟಕೀನ ಗ್ವಾಡಿಕಿಂತ ದೊಡ್ಡದು ಅಂತಾಳ. ಆಕಿ ಮಾತು, ಅರ್ಧಾ ಬಿಟ್ಟ ನಂಬ್ರಿ.”

ಎರಡು ಮನೆಗಳಲ್ಲಿ ಒಬ್ಬರಿಗೇ ಕೋಣೆ ಇರುವುದು ನಮ್ಮಲ್ಲಿ ಹೊಸತಲ್ಲ. ನಿಶ್ಚಿತಾರ್ಥವಾದ ಹೆಣ್ಣುಮಕ್ಕಳಿಗೆ ಹಾಗಾಗುತ್ತದೆ. ಆದರೆ ಬಂದ ಕೋಣೆ ಬಹಳ ಕಾಯುವುದಿಲ್ಲ. ಮೊದಲ ಮಳೆಯ ಒಳಗೆ ಅದರವರು ಬಂದು ಅಲ್ಲಿ ಮಲಗದಿದ್ದರೆ ಹೊರಟುಹೋಗುತ್ತದೆ, ಮತ್ತೆ ಬರುವುದಿಲ್ಲ. ಸೋನಕ್ಕ ಸೆರಗಿಗೆ ಕೈ ಒರೆಸಿಕೊಂಡು, “ನಾ ಹೋಗ್ತೀನಿ,” ಎಂದಳು. ಮಜ್ಜಿಗೆ ಬೇಕೇ ಎಂದು ಕೇಳುವ ದನಿಯಲ್ಲೇ.

ಪಡಸಾಲೆಯಲ್ಲಿ ಊಟ ನಿಂತಿತು. ಅವಳು ಹೋದರೆ ಅಡುಗೆಮನೆ ಹೋಗುತ್ತದೆ. ಅಡುಗೆಮನೆ ಹೋದರೆ ಖಾನಾವಳಿ ಇಲ್ಲ. ಖಾನಾವಳಿ ಇಲ್ಲದಿದ್ದರೆ ನಾವೆಲ್ಲ ಬೇರೆ ಬೇರೆ ಕಡೆ ಉಣ್ಣುತ್ತೇವೆ, ಒಂದು ಮಳೆಗಾಲದಲ್ಲಿ ನಮ್ಮ ಕೋಣೆಗಳೂ ಕರಗುತ್ತವೆ. ಎಲ್ಲರೂ ಫಕೀರಪ್ಪನತ್ತ ನೋಡಿದರು. ಅವನು ಹಂಚಿನ ಮೇಲಿನ ರೊಟ್ಟಿಯನ್ನು ಹೊರಳಿಸಿದ.

ಅಲ್ಲಿಂದ ಮುಂದೆ ಊರು ಸೋನಕ್ಕನ ಮನವೊಲಿಸಲು ತೊಡಗಿತು. ತುಕಾರಾಮ ಅವಳಿಗೆ ಹೊಸ ಕುಪ್ಪಸ ಹೊಲಿದು ತಂದ. “ಇದನ್ನ ತೊಟಗೊಂಡು ಹೊಳೀಯಾಚೆ ಹೋದ್ರ ನೋಡಾವ್ರ್ಯಾರು ಅಕ್ಕಾ? ಇಲ್ಲೇ ಇದ್ರ ನಾವರ ನೋಡ್ತೀವಿ,” ಎಂದ. ಅವಳು ಕುಪ್ಪಸವನ್ನು ಇಸಿದುಕೊಂಡು, “ದಾವಲಬಿ ಕಣ್ಣು ಇನ್ನೂ ಛಲೋ ಅದಾವು,” ಎಂದಳು. ಪುರಸಭೆಯ ಅಧ್ಯಕ್ಷರು ಖುದ್ದಾಗಿ ಬಂದು, ಕೈ ಕಟ್ಟಿ ನಿಂತರು.

“ನೀವ ಹೋದ್ರ ಪಾರಂಪರಿಕ ಮನ್ಯಾಗ ಪರಂಪರಾ ಎಲ್ಲಿ ಉಳೀತ್ರಿ ತಾಯಿ?”

“ನಿಮ್ಮ ಬೋರ್ಡಿನ್ಯಾಗ ಐತೆಲ್ರಿ.”

ನನ್ನಲ್ಲಿ ಇದ್ದದ್ದು ಇಷ್ಟೇ. ಅವಳು ಬಡಿಸುವಾಗ ತಾಟಿನ ಅಂಚಿನಲ್ಲಿ ಉಪ್ಪು ಇಡುತ್ತಾಳೆ, ಎಲ್ಲರಿಗೂ ಬಲದಲ್ಲಿ, ನನಗೆ ಮಾತ್ರ ಎಡದಲ್ಲಿ. ನಾನು ಎಡಗೈಯವನೆಂದು ಅವಳು ಮೊದಲ ದಿನವೇ ಗಮನಿಸಿದ್ದಳು. ಇದನ್ನು ಮನವೊಲಿಸುವ ಮಾತಾಗಿ ಹೇಗೆ ಬಳಸುವುದೆಂದು ನನಗೆ ತಿಳಿಯಲಿಲ್ಲ.

ಪರಿಹಾರವೊಂದು ಯಮನೂರಪ್ಪನಿಗೆ ಹೊಳೆಯಿತು. “ಅಲ್ರೀ, ಫಕೀರಪ್ಪಗ ಒಂದು ಕೋಣಿ ಬಂದ್ರ ಅದು ಅಡಗೀಮನಿನ ಆಗಬೇಕಲ್ಲ? ಮಾಸ್ತರಗ ಗೂಡು ಬಂತು, ನನಗ ಬಸ್ ಬಂತು. ಇವಗ ಒಲಿ ಬಿಟ್ಟ ಮತ್ತೇನ ಬರ್ತೈತಿ?”

ಆಗಲೇ ನಮಗೆ ಹೊಳೆದದ್ದು: ಇಷ್ಟು ವರ್ಷಗಳಲ್ಲಿ ಫಕೀರಪ್ಪನಿಗೆ ಕೋಣೆಯೇ ಬಂದಿರಲಿಲ್ಲ. ಅವನು ಒಲೆಯ ಪಕ್ಕದಲ್ಲಿ ಗೋಣಿಚೀಲ ಹಾಸಿ ಮಲಗುತ್ತಿದ್ದ. ನಾವು ಅದನ್ನು ನೋಡಿದ್ದೆವು, ಆದರೆ ನೋಡಿದ್ದನ್ನು ಓದಿರಲಿಲ್ಲ. ನಮ್ಮ ಕೋಣೆಗಳನ್ನೆಲ್ಲ ಎಬ್ಬಿಸಿದವನಿಗೆ ಮನೆಯಲ್ಲಿ ಜಾಗವಿರಲಿಲ್ಲ.

ಸೋನಕ್ಕ ಅವನನ್ನು ಕರೆದು ನಿಲ್ಲಿಸಿದಳು. “ಏ ಫಕೀರಪ್ಪಾ, ಈ ಮನ್ಯಾಗ ನೀ ಎಂದರ ಉಂಡೀಯೇನು?”

“ದಿನಾ ಉಣ್ತೀನಲ್ರಿ.”

“ಎಲ್ಲಿ ಉಣ್ತಿ?”

“ಬೋಗಾಣ್ಯಾಗ ಉಳದದ್ದು ಕೆರಕೊಂಡು…” ಅವನು ತಡವರಿಸಿದ. “ನಿಂತ ಉಣ್ತೀನ್ರಿ. ಅಡಗಿಯವರು ಪಂಕ್ತ್ಯಾಗ ಕುಂದ್ರಂಗಿಲ್ಲ. ಉಣಸಾಂವ ಕುಂತ್ರ ಪಂಕ್ತಿ ಏಳತೈತಿ ಅಂತ ನಮ್ಮ ಗುರುಗೋಳು ಹೇಳ್ಯಾರ.”

“ನಿಮ್ಮ ಗುರುಗೋಳು ಮದುವೀ ಮನೀಗೆ ಹೇಳ್ಯಾರ. ಮದುವಿ ಮುಗದ ಎಷ್ಟ ವರ್ಷ ಆತು? ಕುಂದ್ರು.”

ಅವಳು ತಾಟು ಹಾಕಿದಳು. ಅವನು ಕುಳಿತ. ಕುಳಿತ ರೀತಿ ನೋಡಿದರೆ ಯಾರೋ ಬಂದು ಎಬ್ಬಿಸುತ್ತಾರೆಂದು ಕಾಯುತ್ತಿದ್ದಂತಿತ್ತು. ಒಲೆಯಲ್ಲಿ ಏನೋ ಸಿಡಿಯಿತು, ಎದ್ದ. ಅವಳು ಭುಜ ಹಿಡಿದು ಕೂರಿಸಿದಳು. ಯಾರೋ ನೀರು ಕೇಳಿದರು, ಮತ್ತೆ ಎದ್ದ. “ಕುಂದ್ರು ಅಂದ್ನಿ,” ಎಂದಳು. ತಾನು ಮಾಡಿದ ಎಣ್ಣೆಗಾಯಿಯನ್ನು ಅವನು ಅಪರಿಚಿತರ ಮನೆಯ ಪದಾರ್ಥದಂತೆ ನಿಧಾನವಾಗಿ ಮುರಿದು ಬಾಯಿಗಿಟ್ಟುಕೊಂಡ, ಅಗಿದ, ನಿಲ್ಲಿಸಿದ.

“ಹೆಂಗೈತಿ?” ಎಂದ ತುಕಾರಾಮ.

“ಉಪ್ಪು ಮುಂದೈತಿ,” ಎಂದ ಫಕೀರಪ್ಪ. “ಇಷ್ಟ ವರ್ಷ ಯಾರೂ ಹೇಳಲಿಲ್ಲಲ್ಲ.”

“ಹೇಳಿದ್ರ ನೀ ಬೇಜಾರಾಗ್ತಿದ್ದಿ.”

ಆಮೇಲೆ ಪ್ರತಿದಿನ, ಎಲ್ಲರಿಗಿಂತ ಮೊದಲು, ಸೋನಕ್ಕ ಅವನನ್ನು ಕೂರಿಸಿ ಬಡಿಸಿದಳು. ಬಿಸಿಲು ಏರಿತು. ಯಮನೂರಪ್ಪ ಹೊಳೆಯಾಚೆಯಿಂದ ಸುದ್ದಿ ತರುತ್ತಿದ್ದ: ದಾವಲಬಿ ಕೋಣೆಗೆ ಸುಣ್ಣ ಹಚ್ಚಿದ್ದಾಳೆ, ಕಿಟಕಿಗೆ ಪರದೆ ಹಾಕಬೇಕೋ ಬೇಡವೋ ಎಂದು ಕೇಳುತ್ತಾಳೆ, ಅಲ್ಲಿ ಆಕಾಶದಲ್ಲಿ ಮೋಡ ಕಾಣಿಸಿಕೊಂಡಿದೆ. ಕೊನೆಯ ಸುದ್ದಿ ಕೇಳಿದ ದಿನ ಸೋನಕ್ಕ ಅನ್ನ ಮರೆತು ನನ್ನ ತಾಟಿಗೆ ಸಾರು ಮಾತ್ರ ಹಾಕಿ ಮುಂದೆ ಹೋದಳು. ನಾನು ಸಾರನ್ನೇ ಕುಡಿದೆ.

ಫಕೀರಪ್ಪನ ಕೋಣೆ ಬಂದದ್ದು ಒಂದು ಶುಕ್ರವಾರದ ಮಧ್ಯಾಹ್ನ. ಪಡಸಾಲೆಯ ಹಿಂಬದಿಯಲ್ಲಿ, ಅಡುಗೆಮನೆಗೆ ಒತ್ತಿಕೊಂಡು, ಒಂದು ತಗ್ಗು ಬಾಗಿಲು. ಎಲ್ಲರೂ ಕೂಡಿ ಅದನ್ನು ತಳ್ಳಿದೆವು. ಒಳಗೆ ಒಲೆ ಇರಲಿಲ್ಲ. ಹೊಗೆಗಿಂಡಿ ಇರಲಿಲ್ಲ. ಒರಳಿನ ಗುಳಿಯೂ ಇರಲಿಲ್ಲ. ತಂಪಾದ ನೆಲ, ಒಂದು ಗೋಡೆಗೆ ಹೊಂದಿಕೊಂಡ ಅಗಲವಾದ ಕಲ್ಲಿನ ಹಾಸು, ಅದರ ತಲೆದೆಸೆಯಲ್ಲಿ ಗಾಳಿ ಬರುವಷ್ಟು ತೆರಪು. ಬೆಳಕು ಕೂಡ ಕಡಿಮೆ. ಅದು ಮಲಗುವ ಕೋಣೆ, ಅಷ್ಟೇ.

ಯಮನೂರಪ್ಪ ಗೋಡೆಯನ್ನು ತಟ್ಟಿ ನೋಡಿದ, ಒಲೆ ಒಳಗೆಲ್ಲಾದರೂ ಅಡಗಿದೆಯೇ ಎಂಬಂತೆ. “ಇದ್ಯಾವ ನ್ಯಾಯರಿ?” ಎಂದ. “ಅಡಗಿಯವಗ ಅಡಗೀಮನಿ ಕೊಡದ ಮನಿ.”

ಸೋನಕ್ಕ ಬಾಗಿಲ ಬಳಿ ನಿಂತು ಬಹಳ ಹೊತ್ತು ಆ ಕಲ್ಲಿನ ಹಾಸನ್ನೇ ನೋಡಿದಳು. “ಹುಟ್ಟಿದಾಗಿಂದ ಬೆಂಕಿ ಮುಂದ ನಿಂತಾಂವಗ ಮತ್ತೊಂದು ಬೆಂಕಿ ಕೊಡ್ತೈತೇನು?” ಎಂದಳು. ಅಲ್ಲಿಗೆ ಅವಳ ದನಿ ತಗ್ಗಿತು. “ಆತು ಬಿಡ್ರಿ. ದಾವಲಬಿಗೆ ಹೇಳು ಯಮನೂರಪ್ಪಾ, ಪರದೆ ಬ್ಯಾಡ ಅಂತ. ಕೋಣಿ ಹೋಗಲಿ.”

ಯಮನೂರಪ್ಪ ತಲೆಯಾಡಿಸಿದ. ನಮ್ಮಲ್ಲಿ ಯಾರಿಗೂ ಸಮಾಧಾನವಾಗಲಿಲ್ಲವೆಂದು ಹೇಳಲಾರೆ. ಒಳಗೊಳಗೇ ಎಲ್ಲರೂ ನಾಳಿನ ಊಟವನ್ನು ಮರಳಿ ಪಡೆದಿದ್ದೆವು.

ಫಕೀರಪ್ಪ ಈ ಮಾತುಗಳಿಗೆ ಕಿವಿಗೊಡದೆ ಹಾಸಿನ ಮೇಲೆ ಅಂಗೈ ಇಟ್ಟು ನೋಡಿದ. ಕುಳಿತ. ಆಮೇಲೆ, ಅಷ್ಟು ಜನರ ಎದುರಿಗೇ, ಕಾಲು ಚಾಚಿ ಮಲಗಿದ. ಹೆಗಲ ಮೇಲಿನ ವಸ್ತ್ರವನ್ನು ಮುಖದ ಮೇಲೆಳೆದುಕೊಂಡ. ನಾವು ಹೊರಗೆ ಬಂದೆವು. ಆ ದಿನ ಖಾನಾವಳಿಯಲ್ಲಿ ಅಡುಗೆಯಾಗಲಿಲ್ಲ. ಪರಸ್ಥಳದಿಂದ ಬಂದವರು ಪಟ ನೋಡಿ, ಹಸಿದು, ಹಿಂದಿರುಗಿದರು. ನಾವು ಪಡಸಾಲೆಯಲ್ಲಿ ಕಡಲೆಪುರಿ ತಿನ್ನುತ್ತ ಅವನ ಗೊರಕೆ ಕೇಳುತ್ತ ಕೂತೆವು. ನನಗೆ ನೆನಪಿರುವಂತೆ, ಆ ಮನೆಯಲ್ಲಿ ಅಷ್ಟು ನಿಶ್ಚಿಂತವಾದ ಸದ್ದು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಇಳಿಹೊತ್ತಿಗೆ ಅವನು ಎದ್ದು ಬಂದ. ಕೆನ್ನೆಯ ಮೇಲೆ ಕಲ್ಲಿನ ಗೆರೆ ಮೂಡಿತ್ತು. ಯಾರ ಕಡೆಗೂ ನೋಡದೆ ಅಡುಗೆಮನೆಗೆ ಹೋಗಿ, ದೊಡ್ಡ ಹಂಡೆಯನ್ನು ಎತ್ತಿ, ಹಿತ್ತಲಿಗೆ ಒಯ್ದಿಟ್ಟ. ತಿರುಗಿ ಬಂದು ಹಂಚು ಒಯ್ದ. ಆಮೇಲೆ ಹಿಟ್ಟು ನಾದುವ ಕೊಣಮಿಗೆಗಳು, ಮರದ ಸೌಟುಗಳು.

“ಏನ ಮಾಡಾಕತ್ತೀಯೋ?” ಎಂದಳು ಸೋನಕ್ಕ.

“ಮೂರು ಕಲ್ಲು ಇಟ್ರ ಒಲಿ ಆಕ್ಕೈತ್ರಿ ಅಕ್ಕಾರ. ನಲವತ್ತು ವರ್ಷ ನಾ ಹಂಗ ಮಾಡೀನಿ. ನನಗ ಒಲಿ ಎಂದೂ ಇರಲಿಲ್ಲಂತಲ್ಲ, ಮಲಗಾಕ ಜಾಗಾ ಇರಲಿಲ್ಲ. ಮನೀಗೆ ಗೊತ್ತಿತ್ತು, ನಿಮಗ ಗೊತ್ತಾಗಲಿಲ್ಲ.”

“ಮಳಿ ಬಂದ್ರ?”

“ಚಪ್ಪರ ಹಾಕ್ತೀನಿ. ಚಪ್ಪರ ಸೋರಿದ್ರ ಮಾಸ್ತರು ಕೊಡಿ ಹಿಡೀತಾರ. ಅವರೇನ ದುಡೀತಾರ ಮತ್ತ?”

ಎಲ್ಲರೂ ನಕ್ಕರು. ಸೋನಕ್ಕ ನಗಲಿಲ್ಲ. “ರುಚಿ ಇದ ಇರಂಗಿಲ್ಲ,” ಎಂದಳು.

“ಇರಂಗಿಲ್ಲ,” ಎಂದ ಫಕೀರಪ್ಪ. “ನೀವ ಬಡಸಂಗಿಲ್ಲ, ಅದಕ್ಕ ಇರಂಗಿಲ್ಲ. ಕೆಲವ್ರು ಬರೂದು ಬಿಡ್ತಾರ. ಕೆಲವು ಕೋಣಿ ಹೋಗ್ತಾವು. ಹೋಗ್ಲಿರಿ. ಮನೀ ಸಲುವಾಗಿ ನಿಮ್ಮವರು ನಿಮ್ಮನ್ನ ಒಮ್ಮೆ ನಿಲ್ಲಿಸಿದ್ರಲ್ಲ, ಎರಡನೇ ಸಲ ನಿಲ್ಲಿಸಿದವ ನಾ ಆಗೂದು ಬ್ಯಾಡ.”

ಅವಳು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಒಂದೊಂದೇ ಡಬ್ಬಿಯನ್ನು ಹೊರಗೆ ತರತೊಡಗಿದಳು. ನಾವು ಎದ್ದು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು: ಉಪ್ಪಿನ ಭರಣಿ, ಎಣ್ಣೆಯ ಡಬ್ಬಿ, ಕುಟ್ಟಾಣಿ, ಕಪ್ಪಾದ ಇಕ್ಕಳ.

ಮರುದಿನ ಯಮನೂರಪ್ಪನ ಬಸ್ಸು ಹೊರಡುವ ಹೊತ್ತಿಗೆ ಸೋನಕ್ಕ ಹೊಸ ಕುಪ್ಪಸ ತೊಟ್ಟು ಪಡಸಾಲೆಗೆ ಬಂದಳು. ಕೈಯಲ್ಲಿ ಒಂದು ಚೀಲ. ಅಡುಗೆಮನೆ ಅವಳ ಹಿಂದೆ ಬರಿದಾಗಿತ್ತು. ಒಲೆಯ ಬೂದಿಯನ್ನೂ ತೆಗೆದು ಸಾರಿಸಿದ್ದಳು. ಹಿತ್ತಲಿನಿಂದ ಹೊಗೆ ಬರುತ್ತಿತ್ತು. ನಾವು ತಾಟುಗಳ ಮುಂದೆ ಕುಳಿತಿದ್ದೆವು, ಫಕೀರಪ್ಪನೂ. ಅವಳು ಒಬ್ಬೊಬ್ಬರಿಗೂ ಒಂದೊಂದು ರೊಟ್ಟಿ ಹಾಕಿದಳು. ನನ್ನ ಮುಂದೆ ಬಂದು, “ಸಾವಕಾಶ ಉಣ್ರಿ ಮಾಸ್ತರ,” ಎಂದಳು. ನಾನು, “ಹೂಂ,” ಎಂದೆ. ಹೇಳಬೇಕಾದ ಇನ್ನೇನೋ ಇತ್ತು. ಅದನ್ನು ನನ್ನ ಪ್ರಾಯದಲ್ಲಿ ಹೇಳುವ ರೂಢಿಯಿಲ್ಲ.

ಅವಳು ಹೊಸಿಲು ದಾಟಿದಳು. ನಮ್ಮಲ್ಲಿ ಮನೆ ಬಿಡುವವರು ತಾವೇ ಬಾಗಿಲು ಎಳೆದುಕೊಳ್ಳಬೇಕು; ಒಳಗಿದ್ದವರು ತಳ್ಳಿದರೆ ಅಟ್ಟಿದಂತಾಗುತ್ತದೆ. ಅವಳು ಕದದ ಬಳೆಗೆ ಕೈ ಹಾಕಿ ಎಳೆದಳು. ಕದ ಅರ್ಧಕ್ಕೆ ನಿಂತಿತು. ಎಪ್ಪತ್ತು ವರ್ಷ ಅವಳು ಒಳಗಿನಿಂದಲೇ ಆ ಬಾಗಿಲು ಹಾಕಿದವಳು. ಹೊರಗಿನಿಂದ ಅದನ್ನು ತುಸು ಎತ್ತಿ ಎಳೆಯಬೇಕೆಂಬುದು ಅವಳಿಗೆ ತಿಳಿದಿರಲಿಲ್ಲ. ದಿನಾ ಹೊರಗೆ ಹೋಗಿ ಬರುವ ನಮಗೆಲ್ಲ ತಿಳಿದಿತ್ತು. ಯಾರೂ ಏಳಲಿಲ್ಲ. ಬಸ್ಸು ಓಣಿಯ ತುದಿಯಲ್ಲಿ ಒಮ್ಮೆ ಹಾರ್ನ್ ಮಾಡಿತು. ಸಂದಿನಲ್ಲಿ ಅವಳ ಬೆರಳುಗಳು ಕಾಣುತ್ತಿದ್ದವು. ಅವು ಮರದ ಭಾರವನ್ನು ಅರಿತುಕೊಳ್ಳುತ್ತಿದ್ದವು. “ಎತ್ತಿ ಎಳೀರಿ,” ಎಂದ ಫಕೀರಪ್ಪ, ತಾಟಿನಿಂದ ತಲೆಯೆತ್ತದೆ.

ಬೆರಳುಗಳು ಸರಿದವು. ಎರಡು ಕದಗಳು ಕೂಡಿದವು.